ಆಡಿದ ಮಾತು ಆಡಿಲ್ಲವಾಗುವುದು ಹೇಗೆ? ಸಂಸತ್ತಿನ ಕಡತಕ್ಕೆ ಬೀಳುವ ಕತ್ತರಿ

2024ರ ಜುಲೈ 1, ಸೋಮವಾರ. ಲೋಕಸಭೆಯಲ್ಲಿ ರಾಷ್ಟ್ರಪತಿಯವರ ಭಾಷಣಕ್ಕೆ ವಂದನೆ ಸಲ್ಲಿಸುವ ನಿರ್ಣಯದ ಮೇಲೆ ಚರ್ಚೆ ನಡೆದಿತ್ತು. ಹತ್ತು ವರ್ಷ ಖಾಲಿ ಉಳಿದಿದ್ದ ವಿರೋಧ ಪಕ್ಷದ ನಾಯಕನ ಸ್ಥಾನದಿಂದ ರಾಹುಲ್ ಗಾಂಧಿ ಗಂಟೆಗೂ ಹೆಚ್ಚು ಹೊತ್ತು ಮಾತನಾಡಿದರು. ನಡುವೆ ಪ್ರಧಾನಿಯೇ ಎದ್ದು ನಿಂತು ಆಕ್ಷೇಪಿಸಿದರು. ದೇಶದ ಜನ ಇದನ್ನೆಲ್ಲ ಟಿವಿಯಲ್ಲಿ, ಮೊಬೈಲಿನಲ್ಲಿ ನೇರವಾಗಿ ನೋಡಿದರು. ಮರುದಿನ ಬಂದ ಸುದ್ದಿ: ಆ ಭಾಷಣದ ಹಲವು ಭಾಗಗಳನ್ನು ಕಡತದಿಂದ ತೆಗೆದುಹಾಕಲಾಗಿದೆ.

ಇಂಥ ಸುದ್ದಿ ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ಬರುತ್ತಿದೆ, ಬಂದಾಗಲೆಲ್ಲ ಓದುಗರು ಒಂದೇ ಪ್ರಶ್ನೆ ಕೇಳುತ್ತಾರೆ. ನಾವೇ ಕಿವಿಯಾರೆ ಕೇಳಿದ ಮಾತನ್ನು ತೆಗೆದುಹಾಕುವುದೆಂದರೇನು? ಎಲ್ಲಿಂದ ತೆಗೆಯುತ್ತಾರೆ? ತೆಗೆದದ್ದರಿಂದ ಯಾರಿಗೆ ಏನಾಗುತ್ತದೆ? ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ನಂಬಿದ ಜನ ನಾವು. ಆಡಿದ ಮಾತನ್ನೂ ಆಡಿಲ್ಲವಾಗಿಸಬಹುದು ಎನ್ನುತ್ತದೆ ಸಂಸತ್ತಿನ ನಿಯಮ. ಈ ಗೊಂದಲ ಬಿಡಿಸಿಕೊಳ್ಳಲು ಮೊದಲು ಕಡತ ಎಂದರೇನೆಂದು ತಿಳಿಯಬೇಕು.

ಕಡತ ಎಂದರೆ ಯಾವುದು

ಸದನದ ಕಲಾಪ ನಡೆಯುವಾಗ ಪೀಠದ ಮುಂದಿನ ಮೇಜಿನ ಬಳಿ ಅಧಿಕೃತ ವರದಿಗಾರರು ಕುಳಿತಿರುತ್ತಾರೆ. ಇವರು ಪತ್ರಕರ್ತರಲ್ಲ, ಸಂಸತ್ತಿನ ಸಚಿವಾಲಯದ ಸಿಬ್ಬಂದಿ. ಕೆಲವೇ ನಿಮಿಷಗಳಿಗೊಮ್ಮೆ ಒಬ್ಬರು ಎದ್ದು ಹೋಗುತ್ತಾರೆ, ಇನ್ನೊಬ್ಬರು ಬಂದು ಕೂರುತ್ತಾರೆ. ಎದ್ದು ಹೋದವರು ತಾವು ಬರೆದುಕೊಂಡದ್ದನ್ನು ಅಕ್ಷರಕ್ಕಿಳಿಸುತ್ತಾರೆ. ಹೀಗೆ ತುಂಡು ತುಂಡಾಗಿ ಸಿದ್ಧವಾದದ್ದನ್ನು ಜೋಡಿಸಿದರೆ ಆ ದಿನದ ನಡಾವಳಿಯಾಗುತ್ತದೆ. ಮೊದಲು ಹೊರಬರುವುದು ತಿದ್ದದ ಪ್ರತಿ. ಬರೆದುಕೊಳ್ಳುವಾಗ ತಪ್ಪಾಗಿದ್ದರೆ ಸದಸ್ಯರು ಅದನ್ನು ಸರಿಪಡಿಸಬಹುದು, ಆದರೆ ಆಡಿದ ಮಾತಿನ ಅರ್ಥವನ್ನೇ ಬದಲಿಸುವಂತಿಲ್ಲ. ಕೊನೆಗೆ ಅಚ್ಚಾಗಿ ಗ್ರಂಥಾಲಯಕ್ಕೂ ಸಂಸತ್ತಿನ ಜಾಲತಾಣಕ್ಕೂ ಸೇರುವ ನಡಾವಳಿಯನ್ನೇ ನಮ್ಮ ಪತ್ರಿಕೆಗಳು ಕಡತ ಎಂದು ಕರೆಯುತ್ತವೆ.

ಆ ಪುಟಗಳನ್ನು ತೆರೆದರೆ ಎರಡು ಬಗೆಯ ಗೈರುಹಾಜರಿ ಕಾಣಿಸುತ್ತದೆ. ಪತ್ರಿಕಾ ವರದಿಗಳು ಎರಡನ್ನೂ ಆಗಾಗ ಒಂದೇ ಎಂಬಂತೆ ಬರೆಯುವುದರಿಂದ ಅವನ್ನು ಇಲ್ಲಿ ಬಿಡಿಸಿ ಹೇಳಬೇಕು. ಗದ್ದಲದ ನಡುವೆ ಸದಸ್ಯರು ಅನುಮತಿಯಿಲ್ಲದೆ ಮಾತನಾಡತೊಡಗಿದರೆ, ‘ಇದು ಯಾವುದೂ ಕಡತಕ್ಕೆ ಹೋಗುವುದಿಲ್ಲ’ ಎಂದು ಪೀಠ, ಅಂದರೆ ಕಲಾಪ ನಡೆಸುತ್ತಿರುವ ಸ್ಪೀಕರ್ ಅಥವಾ ಸಭಾಪತಿ, ಹೇಳುತ್ತದೆ. ಆ ಕ್ಷಣದಿಂದ ವರದಿಗಾರರು ಬರೆದುಕೊಳ್ಳುವುದನ್ನು ನಿಲ್ಲಿಸುತ್ತಾರೆ. ಆ ಮಾತು ಕಡತದ ಒಳಗೆ ಬರುವುದೇ ಇಲ್ಲ. ಎರಡನೆಯ ಬಗೆಯಲ್ಲಿ ಮಾತನಾಡಿದವರಿಗೆ ಅನುಮತಿ ಇತ್ತು, ಮಾತು ಕಡತಕ್ಕೂ ಸೇರಿತ್ತು, ಆಮೇಲೆ ಪೀಠದ ಆದೇಶದಿಂದ ಅದನ್ನು ಅಳಿಸಲಾಯಿತು. ಅಳಿಸಿದ ಜಾಗದಲ್ಲಿ ನಕ್ಷತ್ರ ಚಿಹ್ನೆ ಬೀಳುತ್ತದೆ. ಪುಟದ ಕೆಳಗೆ ಪೀಠದ ಆದೇಶದಂತೆ ತೆಗೆದುಹಾಕಲಾಗಿದೆ ಎಂಬ ಅರ್ಥದ ಒಂದು ಸಾಲಿನ ಅಡಿಟಿಪ್ಪಣಿ ಇರುತ್ತದೆ. ಲೋಕಸಭೆಯ ನಿಯಮ 381 ಕೇಳುವುದು ಇಷ್ಟನ್ನೇ. ಯಾವ ಕಾರಣಕ್ಕೆ ತೆಗೆಯಲಾಯಿತು ಎಂದು ಆ ಸಾಲು ಹೇಳುವುದಿಲ್ಲ. ಅಳಿದದ್ದು ಒಂದು ಪದವೋ ಒಂದು ಪುಟವೋ ಎಂಬುದೂ ಆ ಚಿಹ್ನೆಯಿಂದ ತಿಳಿಯುವುದಿಲ್ಲ.

ಕಡತಕ್ಕೆ ಸೇರುವುದು ಅಷ್ಟು ದೊಡ್ಡ ಸಂಗತಿಯೇ ಎಂದು ಕೇಳುವವರು ಜೆ.ಎಚ್. ಪಟೇಲರನ್ನು ನೆನೆಯಬಹುದು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಅವರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದರು. ಆಗ ಸ್ಪೀಕರ್ ಆಗಿದ್ದ ನೀಲಂ ಸಂಜೀವ ರೆಡ್ಡಿ ಅದಕ್ಕೆ ಅವಕಾಶ ಕೊಟ್ಟರು. ಸದನದಲ್ಲಿದ್ದ ಹೆಚ್ಚಿನವರಿಗೆ ಅವರ ಮಾತು ಅರ್ಥವಾಗಿರಲಾರದು. ಆದರೂ ಕನ್ನಡಿಗರು ಆ ಪ್ರಸಂಗವನ್ನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಸಂಸತ್ತಿನಲ್ಲಿ ದನಿ ದಾಖಲಾಗುವುದಕ್ಕೆ ಜನ ಕೊಡುವ ಬೆಲೆ ಅಷ್ಟು.

ನಿಯಮ 380ರ ನಾಲ್ಕು ವಿಶೇಷಣಗಳು

ಕತ್ತರಿಯ ಹಿಡಿಕೆ ಇರುವುದು ನಿಯಮ 380ರಲ್ಲಿ. ಚರ್ಚೆಯಲ್ಲಿ ಬಳಸಿದ ಪದಗಳು ಮಾನಹಾನಿಕರ, ಅಸಭ್ಯ, ಅಸಂಸದೀಯ ಅಥವಾ ಘನತೆಗೆ ತಕ್ಕುದಲ್ಲ ಎಂದು ಸ್ಪೀಕರ್ ಅವರಿಗೆ ಅನ್ನಿಸಿದರೆ, ತಮ್ಮ ವಿವೇಚನೆ ಬಳಸಿ ಆ ಪದಗಳನ್ನು ನಡಾವಳಿಯಿಂದ ತೆಗೆಸಬಹುದು. ರಾಜ್ಯಸಭೆಯಲ್ಲಿ ಸಭಾಪತಿಯವರಿಗೆ ಇದೇ ಅಧಿಕಾರ ಕೊಡುವುದು ನಿಯಮ 261. ಸಂವಿಧಾನದ 118ನೇ ವಿಧಿ ಪ್ರತಿ ಸದನಕ್ಕೂ ತನ್ನ ನಿಯಮಗಳನ್ನು ತಾನೇ ಮಾಡಿಕೊಳ್ಳುವ ಅಧಿಕಾರ ಕೊಟ್ಟಿದೆ, ಈ ನಿಯಮಗಳು ಹುಟ್ಟಿದ್ದು ಅಲ್ಲಿಂದ.

ನಾಲ್ಕು ವಿಶೇಷಣಗಳಲ್ಲಿ ಮೊದಲ ಎರಡನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಬೈಗುಳ ಬೈಗುಳವೇ, ಮಾನಹಾನಿಗೆ ಕಾನೂನಿನಲ್ಲಿ ವ್ಯಾಖ್ಯೆ ಇದೆ. ಅಸಂಸದೀಯ ಯಾವುದು, ಘನತೆಗೆ ತಕ್ಕುದಲ್ಲದ್ದು ಯಾವುದು ಎಂಬುದು ಮಾತ್ರ ಕಾಲದಿಂದ ಕಾಲಕ್ಕೆ, ಪೀಠದಿಂದ ಪೀಠಕ್ಕೆ ಬದಲಾಗುತ್ತ ಬಂದಿದೆ. ಹಿಂದಿನ ತೀರ್ಮಾನಗಳನ್ನು ನೆನಪಿಡಲು ಲೋಕಸಭೆಯ ಸಚಿವಾಲಯ ಅಸಂಸದೀಯ ಪದಗಳ ಸಂಕಲನವನ್ನು ಇಟ್ಟುಕೊಂಡಿದೆ. 2022ರ ಜುಲೈನಲ್ಲಿ ಅದರ ಹೊಸ ಕಂತು ಹೊರಬಂದಾಗ ದೊಡ್ಡ ಗಲಾಟೆಯಾಯಿತು. ಅದರಲ್ಲಿ ‘ಜುಮ್ಲಾಜೀವಿ’ (ಪೊಳ್ಳು ಭರವಸೆಗಳಲ್ಲೇ ಬದುಕುವವ), ‘ತಾನಾಶಾಹಿ’ (ಸರ್ವಾಧಿಕಾರ), ‘ಶಕುನಿ’ ಎಂಬ ಮಾತುಗಳಿದ್ದವು. ಅವುಗಳ ಜೊತೆಗೆ ಭ್ರಷ್ಟ, ನಾಟಕ, ಬೂಟಾಟಿಕೆ, ಅಸಮರ್ಥ ಎಂಬ ಅರ್ಥದ ಸಾದಾ ಇಂಗ್ಲಿಷ್ ಪದಗಳೂ ಇದ್ದವು. ಇವನ್ನು ಬಿಟ್ಟರೆ ಸರ್ಕಾರವನ್ನು ಟೀಕಿಸುವುದು ಹೇಗೆ ಎಂದು ವಿರೋಧ ಪಕ್ಷಗಳು ಕೇಳಿದವು. ಯಾವ ಪದಕ್ಕೂ ನಿಷೇಧವಿಲ್ಲ, ಇದು ಮೊದಲಿನಿಂದ ನಡೆದುಬಂದ ಸಂಕಲನ, ಸಂದರ್ಭ ನೋಡಿಯೇ ತೀರ್ಮಾನ ಎಂದು ಸ್ಪೀಕರ್ ಓಂ ಬಿರ್ಲಾ ಉತ್ತರಿಸಿದರು. ಆ ಉತ್ತರ ಸರಿಯಾಗಿಯೇ ಇತ್ತು. ಆದರೆ ಸಂದರ್ಭವನ್ನು ತೂಗುವ ತಕ್ಕಡಿ ಯಾರಿಗೂ ಕಾಣುವ ಹಾಗಿಲ್ಲ. ವಿವಾದ ಅಂದೂ ಇಂದೂ ನಿಂತಿರುವುದು ಅಲ್ಲೇ.

ನಿಯಮ 380 ಹೇಳುವುದು ಪದಗಳ ಬಗ್ಗೆ. ರೂಢಿಯಲ್ಲಿ ವಾಕ್ಯಗಳು, ಕೆಲವೊಮ್ಮೆ ವಾದದ ಇಡೀ ಭಾಗಗಳೇ ಹೋಗುತ್ತವೆ. 2024ರ ಜುಲೈ 2ರಂದು ರಾಹುಲ್ ಗಾಂಧಿ ಸ್ಪೀಕರ್ ಅವರಿಗೆ ಬರೆದ ಪತ್ರದ ಆಧಾರವೂ ಇದೇ ಆಗಿತ್ತು. ತೆಗೆದ ಭಾಗಗಳು ನಿಯಮ 380ರ ವ್ಯಾಪ್ತಿಗೆ ಬರುವುದಿಲ್ಲ, ಅವನ್ನು ಮತ್ತೆ ಸೇರಿಸಿ ಎಂದು ಅವರು ಕೋರಿದರು. ಆಡಳಿತ ಪಕ್ಷದ ಅನುರಾಗ್ ಠಾಕೂರ್ ಅವರ ಆರೋಪಭರಿತ ಭಾಷಣದಲ್ಲಿ ಒಂದೇ ಒಂದು ಪದವನ್ನು ತೆಗೆಯಲಾಗಿದೆ ಎಂಬ ಹೋಲಿಕೆಯನ್ನೂ ಮುಂದಿಟ್ಟರು.

ಇಲ್ಲೊಂದು ಮಾತು ಹೇಳಬೇಕು. ಆ ಭಾಷಣದಿಂದ ತೆಗೆದ ವಾಕ್ಯಗಳನ್ನು ಇಲ್ಲೇ ಕೊಟ್ಟಿದ್ದರೆ ಅವು ಘನತೆಗೆ ತಕ್ಕವೋ ಅಲ್ಲವೋ ಎಂದು ಓದುಗರೇ ತೀರ್ಮಾನಿಸಬಹುದಿತ್ತು. ಕೊಡುವಂತಿಲ್ಲ. ಕಡತದಿಂದ ತೆಗೆದ ಮಾತನ್ನು ಪ್ರಕಟಿಸಿದರೆ ಹಕ್ಕುಚ್ಯುತಿಯಾಗುತ್ತದೆ, ಅಂದರೆ ಸದನದ ವಿಶೇಷ ಹಕ್ಕುಗಳನ್ನು (ಹಕ್ಕುಬಾಧ್ಯತೆಗಳನ್ನು) ಮುರಿದಂತಾಗುತ್ತದೆ. ಯಾವುದರ ಬಗ್ಗೆ ಜಗಳವೋ ಅದನ್ನೇ ತೋರಿಸದೆ ಜಗಳವನ್ನು ವಿವರಿಸಬೇಕಾದ ಸ್ಥಿತಿ ಇದು.

ಪಟ್ನಾದ ಪತ್ರಿಕೆಯೊಂದರ ಪ್ರಕರಣ

ಈ ಕಟ್ಟು ಎಲ್ಲಿಂದ ಬಂತೆಂದು ತಿಳಿಯಲು 1957ಕ್ಕೆ ಹೋಗಬೇಕು. ಆ ವರ್ಷದ ಮೇ 30ರಂದು ಬಿಹಾರ ವಿಧಾನಸಭೆಯಲ್ಲಿ ಸದಸ್ಯರೊಬ್ಬರು ಸರ್ಕಾರವನ್ನು ಕಟುವಾಗಿ ಟೀಕಿಸಿ ಮಾತನಾಡಿದರು. ಅದರ ಕೆಲ ಭಾಗಗಳನ್ನು ತೆಗೆಯುವಂತೆ ಸಭಾಧ್ಯಕ್ಷರು ಆದೇಶಿಸಿದರು. ಮರುದಿನ ಪಟ್ನಾದ ‘ಸರ್ಚ್‌ಲೈಟ್’ ಪತ್ರಿಕೆ ತೆಗೆದ ಭಾಗಗಳನ್ನೂ ಸೇರಿಸಿ ಭಾಷಣವನ್ನು ಅಚ್ಚು ಹಾಕಿತು. ಸಂಪಾದಕ ಎಂ.ಎಸ್.ಎಂ. ಶರ್ಮಾ ಅವರಿಗೆ ಹಕ್ಕುಚ್ಯುತಿಯ ನೋಟಿಸ್ ಹೋಯಿತು. ಅವರು ವಾಕ್ ಸ್ವಾತಂತ್ರ್ಯದ ಹಕ್ಕನ್ನು ಮುಂದಿಟ್ಟು ಸುಪ್ರೀಂ ಕೋರ್ಟ್‌ಗೆ ಹೋದರು.

1958ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಅವರ ವಿರುದ್ಧವಾಗಿತ್ತು. ಸಭಾಧ್ಯಕ್ಷರು ತೆಗೆದುಹಾಕಿದ ಭಾಗ, ಕಾನೂನಿನ ಕಣ್ಣಿನಲ್ಲಿ, ಆಡಿಯೇ ಇಲ್ಲದ ಮಾತಿಗೆ ಸಮ. ಅದನ್ನು ಸೇರಿಸಿ ಇಡೀ ಭಾಷಣವನ್ನು ಪ್ರಕಟಿಸಿದರೆ, ಅದು ವಾಸ್ತವದಲ್ಲಿ ನಿಜವಾಗಿದ್ದರೂ, ಸದನದ ನಡಾವಳಿಯ ವಿಕೃತ ವರದಿ ಎನಿಸುತ್ತದೆ ಎಂದಿತು ಬಹುಮತದ ತೀರ್ಪು. ಐವರ ಪೀಠದಲ್ಲಿ ನ್ಯಾಯಮೂರ್ತಿ ಕೆ. ಸುಬ್ಬರಾವ್ ಒಬ್ಬರೇ ಭಿನ್ನಮತ ಬರೆದರು, ಸದನದ ಹಕ್ಕುಬಾಧ್ಯತೆಗಳು ನಾಗರಿಕನ ಮೂಲಭೂತ ಹಕ್ಕಿಗಿಂತ ಮೇಲಲ್ಲ ಎಂದರು. ಅವರ ಮಾತು ಗೆಲ್ಲಲಿಲ್ಲ.

ಆ ಕಾಲದಲ್ಲಿ ಈ ತೀರ್ಪು ಕೆಲಸಕ್ಕೂ ಬರುತ್ತಿತ್ತು. ಸದನದೊಳಗೆ ನಡೆದದ್ದು ಹೊರಗಿನವರಿಗೆ ತಿಳಿಯಲು ಇದ್ದ ದಾರಿಗಳು ಎರಡೇ, ಮರುದಿನದ ಪತ್ರಿಕೆ ಮತ್ತು ತಿಂಗಳುಗಳ ನಂತರ ಬರುವ ಅಚ್ಚಾದ ನಡಾವಳಿ. ಎರಡನ್ನೂ ಕಟ್ಟಿದರೆ ಮಾತು ಅಲ್ಲೇ ಉಳಿಯುತ್ತಿತ್ತು. 2006ರಲ್ಲಿ ಲೋಕಸಭೆಗೆ ತನ್ನದೇ ಟಿವಿ ವಾಹಿನಿ ಬಂತು. 2021ರಲ್ಲಿ ಎರಡೂ ಸದನಗಳ ವಾಹಿನಿಗಳು ಸೇರಿ ಸಂಸದ್ ಟಿವಿಯಾಯಿತು. ಈಗ ಮಾತು ಬಾಯಿಂದ ಹೊರಬಿದ್ದ ಗಳಿಗೆಯಲ್ಲೇ ಊರೂರು ತಲುಪುತ್ತದೆ. ತೆಗೆಯುವ ಆದೇಶ ಎಷ್ಟೋ ಸಲ ಬರುವುದು ಗಂಟೆಗಳ ನಂತರ. ಅಷ್ಟರಲ್ಲಿ ತುಣುಕುಗಳು ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಸುತ್ತು ಹೊಡೆದಿರುತ್ತವೆ. ಹೀಗಾಗಿ ನಿಯಮ ಈಗ ಕಟ್ಟಿಹಾಕುವುದು ಅದನ್ನು ಪಾಲಿಸುವವರನ್ನು ಮಾತ್ರ. ಜವಾಬ್ದಾರಿಯುತ ಪತ್ರಿಕೆ ಆ ಸಾಲನ್ನು ಬಿಡುತ್ತದೆ, ಹೆಸರಿಲ್ಲದ ಖಾತೆಯೊಂದು ಅದನ್ನು ಹಿಂದುಮುಂದಿನ ಮಾತು ಕತ್ತರಿಸಿ ಹರಡುತ್ತದೆ. ಜನರಿಗೆ ಪೂರ್ತಿ ಸಂದರ್ಭದೊಂದಿಗೆ ಓದಲು ಸಿಗಬೇಕಾದ ಜಾಗದಲ್ಲಿ ಮಾತ್ರ ಅದು ಸಿಗುವುದಿಲ್ಲ.

ಕತ್ತರಿ ಬೇಕು ಎನ್ನುವವರ ವಾದ

ಇಷ್ಟು ಹೇಳಿದ ಮಾತ್ರಕ್ಕೆ ನಿಯಮವೇ ಬೇಡ ಎಂದು ತೀರ್ಮಾನಿಸಲಾಗದು. ಅದರ ಪರವಾಗಿ ಗಟ್ಟಿಯಾದ ವಾದವೊಂದಿದೆ.

ಸಂವಿಧಾನದ 105ನೇ ವಿಧಿಯ ಪ್ರಕಾರ ಸಂಸತ್ತಿನಲ್ಲಿ ಸದಸ್ಯರು ಆಡಿದ ಯಾವ ಮಾತಿಗೂ ಅವರನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ಈ ರಕ್ಷಣೆ ಎಷ್ಟು ವಿಶಾಲ ಎಂಬುದು 1970ರಲ್ಲಿ ಸ್ಪಷ್ಟವಾಯಿತು. ಲೋಕಸಭೆಯಲ್ಲಿ ಪುರಿಯ ಶಂಕರಾಚಾರ್ಯರ ಬಗ್ಗೆ ಆಡಿದ ಮಾತುಗಳಿಂದ ನೊಂದ ಅವರ ಅನುಯಾಯಿಗಳು ಪರಿಹಾರ ಕೋರಿ ದಾವೆ ಹೂಡಿದ್ದರು. ವಿಧಿಯಲ್ಲಿರುವ ‘ಯಾವುದೇ ಮಾತು’ ಎಂಬುದಕ್ಕೆ ಅದರ ಪೂರ್ಣ ಅರ್ಥವೇ ಇದೆ, ನ್ಯಾಯಾಲಯ ಒಳಗೆ ಬರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಇದರ ಪರಿಣಾಮವನ್ನು ಒಬ್ಬ ಸಾಮಾನ್ಯ ನಾಗರಿಕನ ಜಾಗದಲ್ಲಿ ನಿಂತು ಯೋಚಿಸಬೇಕು. ಸದನದಲ್ಲಿ ಯಾರೋ ಒಬ್ಬರು ಅವನನ್ನು ಕಳ್ಳ ಎಂದರು ಎಂದಿಟ್ಟುಕೊಳ್ಳೋಣ. ಅವನು ಅಲ್ಲಿಗೆ ಹೋಗಿ ಉತ್ತರ ಕೊಡಲಾರ. ಮಾನನಷ್ಟ ಮೊಕದ್ದಮೆ ಹೂಡಲಾರ. ಆ ಮಾತು ದೇಶದ ಅಧಿಕೃತ ದಾಖಲೆಯಲ್ಲಿ ಶಾಶ್ವತವಾಗಿ ಉಳಿದುಬಿಡುತ್ತದೆ. ಅವನಿಗಿರುವ ಒಂದೇ ಆಸರೆ ಪೀಠ. ಯಾರ ಮೇಲಾದರೂ ಮಾನಹಾನಿಕರ ಆರೋಪ ಮಾಡುವ ಮೊದಲು ಸ್ಪೀಕರ್ ಮತ್ತು ಸಂಬಂಧಪಟ್ಟ ಸಚಿವರಿಗೆ ತಿಳಿಸಬೇಕೆಂದು ನಿಯಮ 353 ಹೇಳುವುದೂ ಇದೇ ಕಾರಣಕ್ಕೆ.

2023ರ ಫೆಬ್ರವರಿ 7ರಂದು ಅದಾನಿ ಸಮೂಹದ ಕುರಿತು ರಾಹುಲ್ ಗಾಂಧಿ ಮಾತನಾಡಿದಾಗ ಸರ್ಕಾರ ಹಿಡಿದದ್ದೂ ಈ ದಾರಿಯನ್ನೇ. ನೋಟಿಸ್ ಕೊಡದೆ, ದಾಖಲೆ ಒದಗಿಸದೆ ಪ್ರಧಾನಿಯ ಮೇಲೆ ಆರೋಪ ಹೊರಿಸಲಾಗಿದೆ ಎಂಬುದು ಆಡಳಿತ ಪಕ್ಷದ ನಿಲುವಾಗಿತ್ತು. ಆಗ ಸಂಸದೀಯ ವ್ಯವಹಾರಗಳ ಸಚಿವರಾಗಿದ್ದ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಕ್ರಮಕ್ಕೆ ಒತ್ತಾಯಿಸಿದರು. ಭಾಷಣದ 18 ಕಡೆ ಕತ್ತರಿ ಬಿದ್ದಿದೆ ಎಂದು ಕಾಂಗ್ರೆಸ್ ಲೆಕ್ಕ ಕೊಟ್ಟಿತು. ಮರುದಿನ ರಾಜ್ಯಸಭೆಯಲ್ಲಿ ಮಾತನಾಡಿದ ವಿರೋಧ ಪಕ್ಷದ ನಾಯಕ ಮಲ್ಲಿಕಾರ್ಜುನ ಖರ್ಗೆ, ತಮ್ಮ ಭಾಷಣದಲ್ಲೂ ಆರು ಕಡೆ ಮಾತು ತೆಗೆಯಲಾಗಿದೆ ಎಂದು ಆಗಿನ ಸಭಾಪತಿ ಜಗದೀಪ್ ಧನಕರ್ ಅವರ ಮುಂದೆ ಆಕ್ಷೇಪಿಸಿದರು. ವಾದದ ಎರಡೂ ತುದಿಯಲ್ಲಿ ಕನ್ನಡಿಗರಿದ್ದ ಸಂದರ್ಭ ಅದು.

ಕತ್ತರಿ ಬೀಳುವುದು ವಿರೋಧ ಪಕ್ಷದವರ ಮಾತಿಗೆ ಮಾತ್ರ ಎಂಬುದೂ ಪೂರ್ತಿ ನಿಜವಲ್ಲ. 2018ರ ಆಗಸ್ಟ್‌ನಲ್ಲಿ ರಾಜ್ಯಸಭೆಯ ಉಪಸಭಾಪತಿ ಚುನಾವಣೆ ಮುಗಿದಾಗ ಪ್ರಧಾನಿ ನರೇಂದ್ರ ಮೋದಿ ಸೋತ ಅಭ್ಯರ್ಥಿ, ಕರ್ನಾಟಕದ ಬಿ.ಕೆ. ಹರಿಪ್ರಸಾದ್ ಅವರ ಹೆಸರಿನ ಮೊದಲಕ್ಷರಗಳ ಮೇಲೆ ಆಡಿದ ಮಾತನ್ನು ಕಡತದಿಂದ ತೆಗೆಯಲಾಯಿತು. 2020ರ ಫೆಬ್ರವರಿಯಲ್ಲಿ ಅಂದಿನ ಸಭಾಪತಿ ವೆಂಕಯ್ಯ ನಾಯ್ಡು ಪ್ರಧಾನಿಯವರ ಭಾಷಣದಿಂದ ಒಂದು ಪದವನ್ನು ತೆಗೆಸಿದರು. ಪೀಠ ಮನಸ್ಸು ಮಾಡಿದರೆ ಅಧಿಕಾರದ ತುತ್ತತುದಿಯಲ್ಲಿರುವವರ ಮಾತಿಗೂ ಈ ನಿಯಮ ಅನ್ವಯಿಸುತ್ತದೆ.

ಉತ್ತರ ಕೊಡಬಲ್ಲವರಿಗೂ ಇದೇ ರಕ್ಷೆಯೇ?

ಹಾಗಾದರೆ ತಪ್ಪುತ್ತಿರುವುದು ಎಲ್ಲಿ? ಸದನದ ಹೊರಗಿರುವ ನಾಗರಿಕನಿಗೆ ರಕ್ಷಣೆ ಬೇಕು, ಏಕೆಂದರೆ ಅವನಿಗೆ ಅಲ್ಲಿ ಬಾಯಿಲ್ಲ. ಸಚಿವರಿಗೆ ಬಾಯಿ ಇದೆ. ಅವರು ಅದೇ ಸದನದಲ್ಲಿ ಕುಳಿತಿರುತ್ತಾರೆ. ಎದ್ದು ನಿಂತು ‘ಇದು ಸುಳ್ಳು, ಇಗೋ ಆಧಾರ’ ಎನ್ನಬಹುದು. ಹಕ್ಕುಚ್ಯುತಿಯ ನೋಟಿಸ್ ಕೊಡಬಹುದು. ವಂದನಾ ನಿರ್ಣಯದ ಚರ್ಚೆಯ ಕೊನೆಗೆ ಪ್ರಧಾನಿಯವರೇ ಉತ್ತರಿಸುತ್ತಾರೆ. ಸಚಿವ ಸಂಪುಟ ಲೋಕಸಭೆಗೆ ಹೊಣೆಯಾಗಿರಬೇಕೆಂದು ಸಂವಿಧಾನದ 75ನೇ ವಿಧಿ ಹೇಳುತ್ತದೆ, ಹೊಣೆ ಹೊರಿಸುವ ಕೆಲಸ ನಡೆಯುವುದೇ ಆರೋಪ ಮತ್ತು ಉತ್ತರಗಳ ಮೂಲಕ. ನಾಗರಿಕನಿಗೆಂದು ಹಿಡಿದ ಗುರಾಣಿಯನ್ನು ಸಚಿವರ ಮುಂದೆಯೂ ಹಿಡಿದರೆ ಆರೋಪ ಕಡತದಿಂದ ಹೋಗುತ್ತದೆ, ಉತ್ತರ ಕೊಡಬೇಕಾದ ಒತ್ತಡ ಅದರೊಂದಿಗೆ ಕರಗುತ್ತದೆ.

ನಿಯಮ 380ರ ಬಳಕೆಯಲ್ಲಿ ಈ ಎರಡು ಬಗೆಯ ಜನರ ನಡುವೆ ವ್ಯತ್ಯಾಸ ಮಾಡದಿರುವುದೇ ಮುಖ್ಯ ದೋಷ ಎಂಬುದು ಈ ಲೇಖನದ ನಿಲುವು. ಖಾಸಗಿ ವ್ಯಕ್ತಿಯ ಮೇಲಿನ ಆಧಾರವಿಲ್ಲದ ನಿಂದೆ ಹೋಗಲಿ. ಅಧಿಕಾರದಲ್ಲಿರುವವರ ನಡೆಯ ಬಗ್ಗೆ ಎತ್ತಿದ ಪ್ರಶ್ನೆ, ಎಷ್ಟೇ ಒರಟಾಗಿದ್ದರೂ, ಉಳಿಯಬೇಕು. ಅದು ಸುಳ್ಳಾಗಿದ್ದರೆ ಸುಳ್ಳು ಹೇಳಿದವರ ಹೆಸರಿನ ಜೊತೆಗೇ ಉಳಿಯಬೇಕು. ಅಳಿಸಿದಾಗ ಆರೋಪಿಸಿದವರಿಗೂ ಒಂದು ಲಾಭವಿದೆ. ತಮ್ಮ ಮಾತನ್ನು ಸಾಬೀತುಪಡಿಸಬೇಕಾದ ಹೊರೆ ಇಳಿಯುತ್ತದೆ, ‘ಸತ್ಯ ಹೇಳಿದ್ದಕ್ಕೆ ಅಳಿಸಿದರು’ ಎನ್ನುವ ಅವಕಾಶವೂ ಸಿಗುತ್ತದೆ.

ತಪ್ಪಿನ ಜೊತೆ ಸಾಕ್ಷ್ಯವೂ ಹೋದಾಗ

2023ರ ಸೆಪ್ಟೆಂಬರ್ 21. ಹೊಸ ಸಂಸತ್ ಭವನದ ಮೊದಲ ಅಧಿವೇಶನ, ಚಂದ್ರಯಾನ-3ರ ಯಶಸ್ಸಿನ ಕುರಿತ ಚರ್ಚೆ. ಬಿಜೆಪಿಯ ರಮೇಶ್ ಬಿಧೂಡಿ ಅವರು ಬಿಎಸ್‌ಪಿಯ ಸಂಸದ ದಾನಿಶ್ ಅಲಿ ಅವರನ್ನು ಧರ್ಮದ ಹೆಸರು ಹಿಡಿದು ನಿಂದಿಸಿದರು. ದಾನಿಶ್ ಅಲಿ ಒಂದು ಕಾಲಕ್ಕೆ ಜೆಡಿಎಸ್‌ನ ಪ್ರಧಾನ ಕಾರ್ಯದರ್ಶಿಯಾಗಿ ಕರ್ನಾಟಕದ ರಾಜಕೀಯ ವಲಯಕ್ಕೆ ಚೆನ್ನಾಗಿ ಪರಿಚಿತರಾಗಿದ್ದವರು. ರಕ್ಷಣಾ ಸಚಿವ ರಾಜನಾಥ್ ಸಿಂಗ್ ಸದನದಲ್ಲೇ ವಿಷಾದ ವ್ಯಕ್ತಪಡಿಸಿದರು. ಆ ಮಾತುಗಳನ್ನು ಕಡತದಿಂದ ತೆಗೆಯಲಾಯಿತು.

ತೆಗೆಯಬೇಕಾದ ಮಾತು ಎಂದು ಯಾವುದಕ್ಕಾದರೂ ಹೇಳಬಹುದಾದರೆ ಅದಕ್ಕೇ ಹೇಳಬೇಕು. ಆದರೂ ಆ ದಿನದ ನಡಾವಳಿಯನ್ನು ಮುಂದೆ ಓದುವವರಿಗೆ ಏನು ಸಿಗುತ್ತದೆ? ನಕ್ಷತ್ರ ಚಿಹ್ನೆ, ಅಡಿಟಿಪ್ಪಣಿ, ಸಚಿವರೊಬ್ಬರ ವಿಷಾದ. ಯಾವುದಕ್ಕೆ ವಿಷಾದ ಎಂಬುದು ಅಧಿಕೃತವಾಗಿ ಎಲ್ಲೂ ಇಲ್ಲ. ನೊಂದ ಸದಸ್ಯರು ಹಕ್ಕುಬಾಧ್ಯತಾ ಸಮಿತಿಯ ಮುಂದೆ ನ್ಯಾಯ ಕೇಳಬೇಕಾದದ್ದು, ಕಾನೂನಿನ ಲೆಕ್ಕದಲ್ಲಿ ಯಾರೂ ಆಡದ ಮಾತಿನ ವಿರುದ್ಧ. ವಿಡಿಯೊ ಮಾತ್ರ ದೇಶದ ತುಂಬ ಓಡಾಡಿತು. ನಿಂದೆಯನ್ನು ಕೇಳದಿದ್ದವರು ಯಾರೂ ಉಳಿಯಲಿಲ್ಲ. ಸಂಸತ್ತು ಅದನ್ನು ಎಷ್ಟು ಗಂಭೀರ ತಪ್ಪೆಂದು ಪರಿಗಣಿಸಿತು ಎಂಬುದರ ದಾಖಲೆ ಮಾತ್ರ ಅರ್ಧವಾಯಿತು.

ಲಂಡನ್‌ನಲ್ಲಿ ಮಾಡುವುದು ಬೇರೆ

ನಮ್ಮ ಸಂಸತ್ತಿನ ಹಕ್ಕುಬಾಧ್ಯತೆಗಳು ಮೂಲದಲ್ಲಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನಿಂದ ಬಂದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ಅದನ್ನು ಬಾಯಿಬಿಟ್ಟೇ ಹೇಳಿತ್ತು. ಸರ್ಚ್‌ಲೈಟ್ ತೀರ್ಪು ನಿಂತದ್ದೂ ಆ ನೆಲೆಯ ಮೇಲೆ. ಅದೇ ಕಾಮನ್ಸ್ ಇಂದು ಮಾತನ್ನು ಅಳಿಸುವುದಿಲ್ಲ. ಅಸಂಸದೀಯ ಪದ ಬಳಸಿದರೆ ಹಿಂದಕ್ಕೆ ಪಡೆಯಿರಿ ಎಂದು ಸ್ಪೀಕರ್ ಹೇಳುತ್ತಾರೆ. ಪಡೆಯದಿದ್ದರೆ ಹೊರಗೆ ಕಳಿಸುತ್ತಾರೆ. 2021ರ ಜುಲೈನಲ್ಲಿ ಲೇಬರ್ ಪಕ್ಷದ ಡಾನ್ ಬಟ್ಲರ್ ಪ್ರಧಾನಿ ಬೋರಿಸ್ ಜಾನ್ಸನ್ ಪದೇ ಪದೇ ಸುಳ್ಳು ಹೇಳಿದ್ದಾರೆ ಎಂದರು, ಮಾತು ಹಿಂಪಡೆಯಲು ಒಪ್ಪಲಿಲ್ಲ, ಆ ದಿನದ ಮಟ್ಟಿಗೆ ಸದನದಿಂದ ಹೊರಗೆ ಹೋಗಬೇಕಾಯಿತು. ಅವರ ಮಾತು, ಪೀಠದ ಎಚ್ಚರಿಕೆ, ಹೊರಹಾಕಿದ ಆದೇಶ ಮೂರೂ ಅಲ್ಲಿನ ನಡಾವಳಿಯಾದ ಹ್ಯಾನ್ಸಾರ್ಡ್‌ನಲ್ಲಿ ಹಾಗೆಯೇ ಇವೆ. ಶಿಕ್ಷೆ ಮಾತನಾಡಿದವರಿಗಾಯಿತು, ಕಡತಕ್ಕೆ ಆಗಲಿಲ್ಲ.

ನಷ್ಟ ಯಾರಿಗೆ, ಹೇಗೆ

ಪತ್ರಿಕೆಗಳಿಗೆ ಆಗುವ ನಷ್ಟ ಎಲ್ಲಕ್ಕಿಂತ ಹತ್ತಿರದ್ದು. ಸಂಸತ್ತಿನ ಕಲಾಪವನ್ನು ನಿಜವಾಗಿ ವರದಿ ಮಾಡಿದವರಿಗೆ ರಕ್ಷಣೆ ಇರಬೇಕೆಂದು ಫಿರೋಜ್ ಗಾಂಧಿ ಖಾಸಗಿ ಮಸೂದೆ ತಂದರು, ಅದು 1956ರಲ್ಲಿ ಕಾಯ್ದೆಯಾಯಿತು. ತುರ್ತು ಪರಿಸ್ಥಿತಿಯಲ್ಲಿ, 1975ರ ಡಿಸೆಂಬರ್‌ನಲ್ಲಿ, ಸುಗ್ರೀವಾಜ್ಞೆಯ ಮೂಲಕ ಅದನ್ನು ಕಿತ್ತುಹಾಕಲಾಯಿತು. 1977ರಲ್ಲಿ ಹೊಸ ಸರ್ಕಾರ ಅದನ್ನು ಮರಳಿ ತಂದಿತು. 1978ರ 44ನೇ ತಿದ್ದುಪಡಿ 361ಎ ವಿಧಿಯಾಗಿ ಅದಕ್ಕೆ ಸಂವಿಧಾನದಲ್ಲೇ ಜಾಗ ಕೊಟ್ಟಿತು. ಅಷ್ಟು ಹೋರಾಡಿ ಗಳಿಸಿದ ರಕ್ಷಣೆ ಸಿಗುವುದು ಬಹುಮಟ್ಟಿಗೆ ನಿಜವಾದ ವರದಿಗೆ. ತೆಗೆದ ಮಾತು ಆಡಿಲ್ಲದ್ದಕ್ಕೆ ಸಮವಾದರೆ, ಅದನ್ನು ಬರೆದ ವರದಿ ನಿಜವೋ ಸುಳ್ಳೋ? ಈ ಅನುಮಾನವೇ ಸಂಪಾದಕರನ್ನು ತಡೆಯಲು ಸಾಕು. ಹಕ್ಕುಚ್ಯುತಿ ಎಂಬುದು ಹೆದರಿಸಲು ಮಾತ್ರ ಇರುವ ಪದ ಎಂದು ಕನ್ನಡ ಪತ್ರಕರ್ತರಾರೂ ಭಾವಿಸಲಾರರು. 2017ರ ಜೂನ್‌ನಲ್ಲಿ, ಶಾಸಕರ ವಿರುದ್ಧದ ಬರಹಗಳಿಗಾಗಿ, ಇಬ್ಬರು ಸಂಪಾದಕರಿಗೆ ಕರ್ನಾಟಕ ವಿಧಾನಸಭೆ ಒಂದು ವರ್ಷದ ಜೈಲು ಮತ್ತು 10,000 ರೂಪಾಯಿ ದಂಡ ವಿಧಿಸಿತ್ತು. ಅಲ್ಲಿ ಕಡತದ ಪ್ರಶ್ನೆ ಇರಲಿಲ್ಲ. ಸದನಕ್ಕೆ ಎಂಥ ಅಧಿಕಾರ ಇದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಾಯಿತು.

ಎರಡನೆಯ ನಷ್ಟ ಸದನದ ಕೆಲಸಕ್ಕೇ ಆಗುವಂಥದ್ದು. ಸಚಿವರು ಸದನದಲ್ಲಿ ‘ಪರಿಶೀಲಿಸುತ್ತೇವೆ’, ‘ಮಾಹಿತಿ ಕೊಡುತ್ತೇವೆ’ ಎಂದ ಮಾತುಗಳನ್ನು ಸರ್ಕಾರಿ ಭರವಸೆಗಳ ಸಮಿತಿ ಬೆನ್ನು ಹತ್ತುತ್ತದೆ. ಅಂಥ ಮಾತುಗಳನ್ನು ಹುಡುಕಿ ತೆಗೆಯುವುದು ನಡಾವಳಿಯಿಂದಲೇ. ಪ್ರಶ್ನೆಯ ಜಾಗದಲ್ಲಿ ನಕ್ಷತ್ರ ಇದ್ದರೆ ಅದಕ್ಕೆ ಕೊಟ್ಟ ಉತ್ತರಕ್ಕೆ ತಲೆಬುಡ ಇರುವುದಿಲ್ಲ. ಕಾಯ್ದೆಯೊಂದರ ಉದ್ದೇಶವೇನು ಎಂದು ತಿಳಿಯಲು ನ್ಯಾಯಾಲಯಗಳು ಸಂಸತ್ತಿನ ಚರ್ಚೆಗಳನ್ನು ನೋಡುವುದುಂಟು, ಇತಿಹಾಸಕಾರರಂತೂ ಅವುಗಳ ಮೇಲೆಯೇ ನಿಂತಿರುತ್ತಾರೆ.

ಇನ್ನು ಮೇಲ್ಮನವಿಯ ಮಾತು. ಪೀಠದ ತೀರ್ಮಾನದ ವಿರುದ್ಧ ಹೋಗಲು ಜಾಗವಿಲ್ಲ. ಕಾರ್ಯವಿಧಾನದ ಲೋಪ ತೋರಿಸಿ ಸಂಸತ್ತಿನ ನಡಾವಳಿಯನ್ನು ಪ್ರಶ್ನಿಸುವಂತಿಲ್ಲ ಎಂದು 122ನೇ ವಿಧಿ ಹೇಳುತ್ತದೆ. 2007ರ ರಾಜಾರಾಮ್ ಪಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಬಾಗಿಲನ್ನು ಸ್ವಲ್ಪ ತೆರೆಯಿತು, ಘೋರ ಕಾನೂನುಬಾಹಿರ ಅಥವಾ ಅಸಾಂವಿಧಾನಿಕ ನಡೆಯಿದ್ದರೆ ತಾನು ನೋಡಬಹುದು ಎಂದಿತು. ಒಂದು ಭಾಷಣದಿಂದ ನಾಲ್ಕು ಸಾಲು ತೆಗೆದದ್ದು ಆ ಮಟ್ಟಕ್ಕೆ ಏರುವುದು ಕಷ್ಟ. ಹೀಗಾಗಿ ಸದಸ್ಯರಿಗೆ ಉಳಿಯುವುದು ಪತ್ರ ಬರೆಯುವ ದಾರಿ. ಪತ್ರ ಹೋಗುವುದು ತೆಗೆಯಲು ಆದೇಶಿಸಿದವರ ಬಳಿಗೇ.

ಬದಲಾಗಬಹುದಾದದ್ದು

ಸಂವಿಧಾನ ತಿದ್ದುಪಡಿ ಮಾಡದೆಯೇ ಸರಿಪಡಿಸಬಹುದಾದ ಅಂಶಗಳು ಇಲ್ಲಿವೆ. ತೆಗೆದ ಪ್ರತಿ ಭಾಗಕ್ಕೂ ನಾಲ್ಕು ವಿಶೇಷಣಗಳಲ್ಲಿ ಯಾವುದು ಅನ್ವಯಿಸಿತು ಎಂದು ಅಡಿಟಿಪ್ಪಣಿಯಲ್ಲಿ ಒಂದು ಪದ ಸೇರಿಸಿದರೆ ಸಾಕು, ಅರ್ಧ ಅನುಮಾನ ಹೋಗುತ್ತದೆ. ಮಾನಹಾನಿಕರ ಎಂದು ತೆಗೆದದ್ದಕ್ಕೂ ಘನತೆಗೆ ತಕ್ಕುದಲ್ಲ ಎಂದು ತೆಗೆದದ್ದಕ್ಕೂ ಅಜಗಜಾಂತರವಿದೆ, ಓದುಗರಿಗೆ ಅದು ತಿಳಿಯಬೇಕು. ಪದ ತೆಗೆಯುವ ಮೊದಲು ಸದಸ್ಯರಿಗೆ ಹಿಂಪಡೆಯಲು ಅವಕಾಶ ಕೊಟ್ಟು, ಆ ಹಿಂಪಡೆದದ್ದನ್ನೂ ಕಡತದಲ್ಲಿ ಇಡುವುದು ಇನ್ನೊಂದು ದಾರಿ. ಮತ್ತೊಬ್ಬ ಸದಸ್ಯರ ಜಾತಿ ಧರ್ಮ ಹಿಡಿದು ನಿಂದಿಸಿದಾಗ ಮಾತನ್ನು ಅಳಿಸಿ ಕೈತೊಳೆದುಕೊಳ್ಳದೆ, ನಿಂದಿಸಿದವರ ಮೇಲೆ ಕೈಗೊಂಡ ಕ್ರಮವನ್ನು ಅದೇ ಪುಟದಲ್ಲಿ ಬರೆಯಬಹುದು.

ಇದಕ್ಕೆಲ್ಲ ಬೇಕಿರುವುದು ನಿಯಮ 380 ಮತ್ತು 381ಕ್ಕೆ ಸಣ್ಣ ತಿದ್ದುಪಡಿ. ಅಂಥ ತಿದ್ದುಪಡಿಯನ್ನು ಪರಿಶೀಲಿಸಿ ಶಿಫಾರಸು ಮಾಡುವುದು ಲೋಕಸಭೆಯ ನಿಯಮಗಳ ಸಮಿತಿ. ಆ ಸಮಿತಿಯ ಅಧ್ಯಕ್ಷರು ಸ್ಪೀಕರ್ ಅವರೇ. ತಮ್ಮ ವಿವೇಚನೆಗೆ ಕಾರಣ ಬರೆಯುವ ಹೊಣೆಯನ್ನು ಜೋಡಿಸಬೇಕೆ ಎಂಬ ಪ್ರಶ್ನೆಯನ್ನು ಅವರೇ ಕೈಗೆತ್ತಿಕೊಳ್ಳಬೇಕಾಗಿದೆ. ಅಲ್ಲಿಯವರೆಗೆ ಮುಂದಿನ ಅಧಿವೇಶನದಲ್ಲೂ ಯಾರದೋ ಭಾಷಣದ ನಡುವೆ ನಕ್ಷತ್ರಗಳು ಬೀಳುತ್ತವೆ, ಅವು ಯಾಕೆ ಬಿದ್ದವು ಎಂದು ಜನ ಮತ್ತೆ ಕೇಳುತ್ತಾರೆ.